ಲಂಬಾಣಿ ಉಡುಗೆಯ ಬಾರ್ಬಿ ನಿಲ್ಲುತ್ತಿಲ್ಲ, ಮನೆಯಲ್ಲೇ ಸ್ಟ್ಯಾಂಡ್ ಮಾಡೋದು ಹೇಗೆ?

ಗೊಂಬೆಮನೆ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಒಂದು ಶೋಕೇಸ್ ತುಂಬ ಬಾರ್ಬಿ ಅಳತೆಯ ಗೊಂಬೆಗಳಿವೆ. ಎಲ್ಲವೂ 11.5 ಇಂಚಿನವು. ಡಬ್ಬಿಯ ಜೊತೆ ಬಂದ ಗೌನು ತೆಗೆದು ನಮ್ಮ ಕಡೆಯ ಉಡುಗೆ ಹೊಲಿದು ಹಾಕೋದು ನನ್ನ ಆಸೆ. ಒಬ್ಬಳಿಗೆ ಕೆಂಪು ಸೆರಗಿನ ಇಳಕಲ್ ಸೀರೆ ಉಡಿಸಿದ್ದೇನೆ. ಇನ್ನೊಬ್ಬಳಿಗೆ ಲಂಬಾಣಿ ಫೇಟಿಯಾ (ಘೇರಿನ ಲಂಗ), ಕಾಂಚಳಿ (ರವಿಕೆ). ತಾಂಡಾದ ಅವ್ವ ಒಬ್ಬರು ಪಕ್ಕದಲ್ಲಿ ಕೂತು ಕನ್ನಡಿ ಹಚ್ಚೋದು ಕಲಿಸಿಕೊಟ್ಟರು. ಆ ಗೊಂಬೆ ಅಂದರೆ ನನಗೆ ಜೀವ.

ತೊಂದರೆ ಏನಂದರೆ, ಇವುಗಳ ಪಾದ ಹಿಮ್ಮಡಿ ಎತ್ತಿದ ಹಾಗೇ ಅಚ್ಚಾಗಿದೆ. ತಾವಾಗಿ ನಿಲ್ಲೋದಿಲ್ಲ. ಕೊಂಡು ತಂದ ಪ್ಲಾಸ್ಟಿಕ್ ಸ್ಟ್ಯಾಂಡ್ ತೀರಾ ಹಗುರ. ಫೇಟಿಯಾಕ್ಕೆ ಕನ್ನಡಿ, ಕವಡೆ ಹೊಲಿದ ಮೇಲೆ ಸ್ಟ್ಯಾಂಡ್ ಸಮೇತ ಮುಂದಕ್ಕೆ ಬೀಳುತ್ತಾಳೆ. ಸೀರೆಯವಳಿಗೆ ಸೊಂಟಕ್ಕೆ ಆ ಹಿಡಿಕೆ ಹಾಕಿದರೆ ನಿರಿಗೆ ಎಲ್ಲಾ ಕೆಡುತ್ತೆ.

ಮನೆಯಲ್ಲಿ ಕರೆಂಟ್ ವೈರು, ಹಳೇ ಮೋಟಾರಿನ ತಾಮ್ರದ ತಂತಿ, ಗ್ಲೂ ಗನ್, ದಪ್ಪ ರಟ್ಟು ಇವೆ. ಇವುಗಳಲ್ಲೇ ಆಗುತ್ತಾ? ಗಟ್ಟಿ ಇರಬೇಕು, ಆದರೆ ಕಣ್ಣಿಗೆ ಬೀಳಬಾರದು. ಮಾಡಿದವರು ಇದ್ದರೆ ದಯವಿಟ್ಟು ಹೇಳಿ.

ಸೈಕಲ್ ಕಡ್ಡಿ, ಶಹಾಬಾದ್

ತಂಗಿ, ನಾನು ಫಿಟ್ಟರ್ ಕೆಲಸ ಮಾಡಿ ರಿಟೈರ್ ಆದವನು. ಮೊಮ್ಮಗಳ ಗೊಂಬೆಗಳಿಗೆಲ್ಲಾ ಸ್ಟ್ಯಾಂಡ್ ನನ್ನ ಕೈಯಿಂದಲೇ ಆಗಿದ್ದು. ರಟ್ಟು ಬಿಟ್ಟುಬಿಡಿ. ತಳ ಭಾರ ಇರಬೇಕು, ಅದೇ ಮುಖ್ಯ. ನಮ್ಮ ಜಿಲ್ಲೆಯಲ್ಲಿ ಅದಕ್ಕೆ ಏನು ಬರ ಹೇಳಿ? ನೆಲಕ್ಕೆ ಹಾಸುವ ಫರಸಿ ಕಲ್ಲಿನ ತುಂಡು ತನ್ನಿ. ಮನೆ ಕಟ್ಟುವ ಜಾಗದಲ್ಲಿ ಕಟಿಂಗ್ ಆದ ಮೇಲೆ ಉಳಿದದ್ದನ್ನು ಕೇಳಿದರೆ ಕೊಡುತ್ತಾರೆ. 10 ಸೆಂ.ಮೀ. ಉದ್ದ, ಅಷ್ಟೇ ಅಗಲ, 2 ಸೆಂ.ಮೀ. ದಪ್ಪ ಇದ್ದರೆ ಸುಮಾರು ಅರ್ಧ ಕೆಜಿ ತೂಗುತ್ತದೆ. ಗೊಂಬೆಯ ತೂಕ ಅದರ ಮುಂದೆ ಏನೂ ಅಲ್ಲ. ನಿಮ್ಮ ಲಂಬಾಣಿ ಗೊಂಬೆಗೆ ಮಾತ್ರ 12 ಸೆಂ.ಮೀ. ಇಟ್ಟುಕೊಳ್ಳಿ, ಘೇರು ಜಾಸ್ತಿ ಇರುತ್ತಲ್ಲ.

ನಿಲ್ಲುವ ಕಡ್ಡಿಗೆ ಸೈಕಲ್ಲಿನ ಹಳೇ ಕಡ್ಡಿಗಿಂತ ಒಳ್ಳೆಯದು ನಾನು ನೋಡಿಲ್ಲ. 2 ಮಿ.ಮೀ. ದಪ್ಪ, ಸುಮ್ನೆ ಬಗ್ಗೋದಿಲ್ಲ. ಒಂದು ತುದಿಗೆ ಥ್ರೆಡ್ ಇರುತ್ತದೆ, ಅದು ಕಲ್ಲಿನ ತೂತಿನೊಳಗೆ ಅಂಟನ್ನು ಚೆನ್ನಾಗಿ ಕಚ್ಚಿಕೊಳ್ಳುತ್ತದೆ. 28 ಇಂಚಿನ ಗಾಲಿಯ ಕಡ್ಡಿಯೇ ಬೇಕು. ಸಣ್ಣ ಗಾಲಿಯದು ಸೊಂಟದ ಸುತ್ತು ಹಾಕೋಕೆ ಸಾಲೋದಿಲ್ಲ. ರಿಪೇರಿ ಅಂಗಡಿಯಲ್ಲಿ ಡೊಂಕಾದ ಕಡ್ಡಿಗಳು ಒಂದು ಡಬ್ಬಿ ತುಂಬ ಬಿದ್ದಿರುತ್ತವೆ.

ತೂತನ್ನು ಕಲ್ಲಿನ ನಡುವೆ ಹಾಕಬೇಡಿ. ಹಿಂದಿನ ಅಂಚಿನಿಂದ 2 ಸೆಂ.ಮೀ. ಒಳಗೆ ಹಾಕಿ. ಆಗ ಕಡ್ಡಿ ಬೆನ್ನ ಹಿಂದೆ ಹೋಗುತ್ತದೆ, ಗೊಂಬೆಯ ಮೈಭಾರ ಕಲ್ಲಿನ ನಡುವೆ ಬೀಳುತ್ತದೆ. ಪ್ಲಾಸ್ಟಿಕ್ ಸ್ಟ್ಯಾಂಡ್ ಮುಂದಕ್ಕೆ ಬೀಳೋದಕ್ಕೆ ತಳ ಹಗುರ ಇರೋದು ಒಂದು ಕಾರಣ, ಭಾರ ಅಂಚಿನ ಹತ್ತಿರ ಬೀಳೋದು ಇನ್ನೊಂದು.

ಕಡ್ಡಿಯ ಮೇಲ್ತುದಿಯನ್ನು ಇಕ್ಕಳದಲ್ಲಿ ಅಡ್ಡ ಬಗ್ಗಿಸಿ, ಒಂದು ಪೈಪಿನ ಸುತ್ತ ಮುಕ್ಕಾಲು ಸುತ್ತು ತನ್ನಿ. ಗೊಂಬೆಯ ಸೊಂಟಕ್ಕೆ ದಾರ ಸುತ್ತಿ ಅಳತೆ ತೆಗೆದುಕೊಳ್ಳಿ, ಪೈಪು ಅದಕ್ಕಿಂತ ಸ್ವಲ್ಪ ಸಣ್ಣದಿರಲಿ. ಈ ತಂತಿ ಸ್ಪ್ರಿಂಗಿನ ಗುಣದ್ದು, ಬಿಟ್ಟ ಕೂಡಲೇ ಸ್ವಲ್ಪ ಬಿಚ್ಚಿಕೊಳ್ಳುತ್ತದೆ. ತುದಿಯನ್ನು ಅರದಿಂದ ಉಜ್ಜಿ ನುಣ್ಣಗೆ ಮಾಡೋದು ಮರೀಬೇಡಿ, ಬಟ್ಟೆ ಎಳೆ ಕಿತ್ತು ಬರುತ್ತದೆ.

ಅಂಟು ಅರಾಲ್ಡೈಟ್ ಇರಲಿ, ಎರಡು ಟ್ಯೂಬಿನದ್ದನ್ನು ಬೆರೆಸಿ ಹಚ್ಚೋದು. ಗ್ಲೂ ಗನ್ ಬೇಡ. ನಮ್ಮ ಮೇ ತಿಂಗಳ ಬಿಸಿಲು ಗೊತ್ತಲ್ಲ, 42 ಡಿಗ್ರಿ ದಾಟುತ್ತದೆ. ತಗಡಿನ ಮನೆ, ಕಿಟಕಿ ಪಕ್ಕ ಅಂದರೆ ಇನ್ನೂ ಜಾಸ್ತಿ. ಆ ಅಂಟು ಬಿಸಿಗೆ ಮೆದುವಾಗಿ ಕಡ್ಡಿ ವಾಲುತ್ತದೆ.

ಬೀದರ್ ಬೊಂಬೆ

ಅಣ್ಣಾವ್ರು ಹೇಳಿದ್ದು ಪೂರ್ತಿ ಸರಿ. ಆದರೆ ಅಕ್ಕಾ, ಸ್ಟ್ಯಾಂಡ್ ಗಟ್ಟಿ ಆದರೆ ಮಾತ್ರ ಸಾಲದು. ಗೊಂಬೆಯ ಮೈಗೆ ಏನು ತಾಗುತ್ತದೆ ಅನ್ನೋದೇ ನನ್ನ ಲೆಕ್ಕದಲ್ಲಿ ಮೊದಲು. ಬಿದ್ದ ಗೊಂಬೆಯನ್ನು ಎತ್ತಿ ನಿಲ್ಲಿಸಬಹುದು. ಕಲೆ ಇಳಿದ ಗೊಂಬೆಯನ್ನು ಮೊದಲಿನ ಹಾಗೆ ಮಾಡೋದು ಬಹಳ ಕಷ್ಟ.

ಕರೆಂಟ್ ವೈರಿನ ಪ್ಲಾಸ್ಟಿಕ್ ಸಿಪ್ಪೆಯನ್ನು ಹಿಡಿಕೆಗೆ ತೊಡಿಸೋಣ ಅಂತ ಎಲ್ಲರಿಗೂ ಅನ್ನಿಸುತ್ತದೆ. ದಯವಿಟ್ಟು ಬೇಡ. ಅದು ಪಿವಿಸಿ. ಮೆತ್ತಗಿರಲಿ ಅಂತ ಅದರಲ್ಲಿ ಎಣ್ಣೆಯಂಥ ಪದಾರ್ಥ ಬೆರೆಸಿರುತ್ತಾರೆ. ಅದು ನಿಧಾನವಾಗಿ ಹೊರಬಂದು ತಾಗಿದ ಪ್ಲಾಸ್ಟಿಕ್ಕಿಗೆ ಇಳಿಯುತ್ತದೆ. ತಾಗಿದ ಜಾಗ ಅಂಟಂಟಾಗುತ್ತದೆ, ಕೆಲವು ಸಲ ಗುಳಿ ಬೀಳುತ್ತದೆ. ಗೊಂಬೆಯ ಮೆತ್ತನೆಯ ಭಾಗಗಳಲ್ಲೂ ಇದೇ ಪದಾರ್ಥ ಇರೋದರಿಂದಲೇ ಹಳೇ ಗೊಂಬೆಗಳ ಕಾಲು ಜಿಗುಟಾಗೋದು. ಬಿಸಿ ಹೆಚ್ಚಾದಷ್ಟೂ ಇದು ಬೇಗ ಆಗುತ್ತದೆ. ನಮ್ಮ ಊರುಗಳಲ್ಲಿ ಅದಕ್ಕೇ ಇಷ್ಟು ಹೇಳಬೇಕಾಗಿದೆ.

ತಾಮ್ರದ ತಂತಿಯೂ ಬೇಡ. 1959ರಲ್ಲಿ ಬಾರ್ಬಿ ಬಂದ ಹೊಸದರ ಗೊಂಬೆಗಳ ಕಿವಿ ಸುತ್ತ ಹಸಿರು ಬಣ್ಣ ಇಳಿದಿರೋದು ಸಂಗ್ರಹ ಮಾಡುವವರಿಗೆಲ್ಲಾ ಗೊತ್ತು. ಅದು ಓಲೆಯ ಲೋಹದಿಂದ ಆದದ್ದು. ತಾಮ್ರ, ಹಿತ್ತಾಳೆ ಎರಡನ್ನೂ ದೂರ ಇಡಿ. ಸೈಕಲ್ ಟ್ಯೂಬಿನ ಕಪ್ಪು ರಬ್ಬರ್ ಕೂಡ ಕಲೆ ಬಿಡುತ್ತದೆ.

ಹಾಗಾದರೆ ಏನು ಸುತ್ತಬೇಕು? ಬಣ್ಣ ಹಾಕದ ಬಿಳಿ ಹತ್ತಿ ಬಟ್ಟೆ. ತೊಳೆದು ಗಂಜಿ ತೆಗೆದು, ಅರ್ಧ ಇಂಚಿನ ಪಟ್ಟಿ ಕತ್ತರಿಸಿ ಬಿಗಿಯಾಗಿ ಸುತ್ತಿ. ಕೊನೆಯಲ್ಲಿ ಸೂಜಿಯಿಂದ ಎರಡು ಹೊಲಿಗೆ ಹಾಕಿದರೆ ಮುಗೀತು, ಅಂಟೇ ಬೇಕಿಲ್ಲ. ವರ್ಷಕ್ಕೊಮ್ಮೆ ಬಿಚ್ಚಿ ಹೊಸದು ಸುತ್ತಬಹುದು.

ಕಲ್ಲಿಗೆ ಬಣ್ಣ ಹಚ್ಚೋದಾದರೆ ನಾನು ಕಪ್ಪೇ ಹಚ್ಚುತ್ತೇನೆ. ಬಿದರಿ ಸಾಮಾನು ನೋಡಿ ಬೆಳೆದ ಕಣ್ಣು ನಮ್ಮದು, ಕಪ್ಪಿನ ಮೇಲೆ ಏನಿಟ್ಟರೂ ಎದ್ದು ಕಾಣುತ್ತದೆ. ಬಣ್ಣದ ವಾಸನೆ ಪೂರ್ತಿ ಹೋಗುವ ತನಕ ಮಾತ್ರ ಗೊಂಬೆ ನಿಲ್ಲಿಸಬೇಡಿ.

ಗೊಂಬೆಮನೆ, ಕಲಬುರಗಿ

ಅಣ್ಣಾ, ಅಕ್ಕಾ, ಇಬ್ಬರಿಗೂ ತುಂಬಾ ಥ್ಯಾಂಕ್ಸ್. ವೈರಿನ ಸಿಪ್ಪೆ ವಿಷಯ ಗೊತ್ತಾಗಿದ್ದು ಬಹಳ ಒಳ್ಳೆಯದಾಯಿತು. ಎರಡು ಪ್ರಶ್ನೆ ಉಳಿದಿವೆ. ಸೀರೆಯ ನಿರಿಗೆ ಕೆಡದ ಹಾಗೆ ಹಿಡಿಕೆ ಎಲ್ಲಿ ಹಾಕಲಿ? ಫರಸಿಗೆ ಮನೆಯ ಡ್ರಿಲ್ ಸಾಕಾಗುತ್ತಾ, ಕಲ್ಲು ಸೀಳೋದಿಲ್ವಾ?

ಯಾದಗಿರಿ ಟೇಲರ್

ನಾನು ಮದುವೆ ಬ್ಲೌಸ್ ಹೊಲಿಯುವವಳು, ಬಟ್ಟೆಯ ಮಾತು ನಾನು ಹೇಳುತ್ತೇನೆ.

ಸೀರೆಯವಳಿಗೆ ಮೊದಲು ಲಂಗ ಹಾಕಿ. ಹಿಡಿಕೆಯನ್ನು ಲಂಗದ ಮೇಲೆ ಕೂರಿಸಿ, ಗೊಂಬೆಯನ್ನು ನಿಲ್ಲಿಸಿ. ಸೀರೆಯನ್ನು ಆಮೇಲೆ ಉಡಿಸಿ, ಕಡ್ಡಿಯನ್ನೂ ಒಳಗೆ ಸೇರಿಸಿಕೊಂಡು. ನಿರಿಗೆ ಹಿಡಿಕೆಯ ಮೇಲೆ ಬರುತ್ತದೆ, ಕೆಳಗೆ ಅಂಚು ಕಲ್ಲಿಗೆ ತಾಗುತ್ತದೆ. ಹಿಂದಿನಿಂದ ನೋಡಿದರೂ ಕಡ್ಡಿ ಕಾಣೋದಿಲ್ಲ. ಲಂಗದ ಬಟ್ಟೆ ಬಿಳಿಯದೇ ಇರಲಿ. ಕಡು ಕೆಂಪು, ಕಡು ನೀಲಿ ಬಣ್ಣ ಗೊಂಬೆಯ ತೊಡೆಗೆ ಇಳಿಯುತ್ತದೆ. ಇಳಕಲ್ ಸೀರೆ ಅಂದಿದ್ದೀರಿ, ಅದಕ್ಕೇ ಹೇಳುತ್ತಿದ್ದೇನೆ.

ಫೇಟಿಯಾ ಹೊಲಿದು ಮುಗಿದ ಉಡುಗೆ, ಅದಕ್ಕೆ ಸೊಂಟದ ಹಿಡಿಕೆ ಚೆನ್ನಾಗಿ ಕಾಣೋದಿಲ್ಲ. ಅದಕ್ಕೆ ಕಡ್ಡಿಯನ್ನು ಎರಡು ಕಾಲುಗಳ ನಡುವಿನಿಂದ ಮೇಲಕ್ಕೆ ತನ್ನಿ. ಇನ್ನೊಂದು ಸಣ್ಣ ತಂತಿಯನ್ನು ಯು ಆಕಾರಕ್ಕೆ ಬಗ್ಗಿಸಿ ಕಡ್ಡಿಯ ತುದಿಗೆ ಕಟ್ಟಿ, ಕಟ್ಟಿದ ಜಾಗಕ್ಕೆ ಎಂ-ಸೀಲ್ (ಕಲಸಿ ಮೆತ್ತಿದರೆ ಗಟ್ಟಿಯಾಗುವ ಅಂಟು) ಮೆತ್ತಿ. ಯು ಒಳಗೆ ಗೊಂಬೆ ಕೂರುತ್ತದೆ. ಒಂದು ಕೈ ಹೊಟ್ಟೆ ಕಡೆ, ಇನ್ನೊಂದು ಬೆನ್ನ ಕಡೆ ಬರಲಿ. ಇದಕ್ಕೂ ಬಿಳಿ ಬಟ್ಟೆ ಸುತ್ತಲೇಬೇಕು. ಮೇಲಿಂದ ಫೇಟಿಯಾದ ಲಾಡಿ ಬಿಗಿದರೆ ಎರಡೂ ಕೈ ಮೈಗೆ ಒತ್ತಿ ನಿಲ್ಲುತ್ತವೆ. ಈ ಗೊಂಬೆಗೆ ಮಾತ್ರ ಕಲ್ಲಿನ ತೂತು ನಡುವೆಯೇ ಇರಬೇಕು.

ನಿಮ್ಮ ಫೋಟೋ ಹಾಕಿ ಅಕ್ಕಾ, ಆ ಕನ್ನಡಿ ಕೆಲಸ ನೋಡುವ ಆಸೆ ನನಗೂ ಇದೆ.

ಸೈಕಲ್ ಕಡ್ಡಿ, ಶಹಾಬಾದ್

ಟೇಲರ್ ತಂಗಿ ಹೇಳಿದ ಯು ತಂತಿ ನನಗೆ ಹೊಳೆದಿರಲಿಲ್ಲ. ಬಹಳ ಚೆನ್ನಾಗಿದೆ, ಹಾಗೇ ಮಾಡಿ.

ಡ್ರಿಲ್ ವಿಷಯ. ಮನೆಯ ಡ್ರಿಲ್ ಸಾಕು. ಫರಸಿ ಪದರ ಪದರವಾಗಿ ಇರುವ ಕಲ್ಲು, ಡ್ರಿಲ್ಲಿನ ಹ್ಯಾಮರ್, ಅಂದರೆ ಕುಟ್ಟುತ್ತಾ ಕೊರೆಯೋದು, ಹಾಕಿದರೆ ಸಿಪ್ಪೆ ಏಳುತ್ತದೆ. ಹ್ಯಾಮರ್ ಸ್ವಿಚ್ ಆಫ್ ಮಾಡಿ, ಕಲ್ಲಿಗೆ ಹಾಕುವ ಬಿಟ್ ತೊಡಿಸಿ. ಮೊದಲು 3 ಮಿ.ಮೀ., ಆಮೇಲೆ 5 ಮಿ.ಮೀ. ಕಡಿಮೆ ವೇಗದಲ್ಲಿ ಹೋಗಿ, ನಡುನಡುವೆ ನಿಲ್ಲಿಸಿ ಪುಡಿ ತೆಗೆದು ಎರಡು ಹನಿ ನೀರು ಬಿಡಿ. ನೀರು ಮೋಟಾರಿಗೆ ಸಿಡಿಯಬಾರದು. ಕಲ್ಲಿನ ಅಡಿಗೆ ಮರದ ಹಲಗೆ ಇರಲಿ. ಆಚೆ ಕಡೆ ತೂತು ಬೀಳೋದು ಬೇಡ, ಒಂದೂವರೆ ಸೆಂ.ಮೀ. ಆಳ ಸಾಕು.

ಅಂಟು ತುಂಬುವ ಮುಂಚೆ ತೂತು ಪೂರ್ತಿ ಒಣಗಿರಬೇಕು. ಕಡ್ಡಿ ನೆಟ್ಟಗೆ ನಿಲ್ಲೋಕೆ ಎರಡು ಪುಸ್ತಕದ ನಡುವೆ ಒರಗಿಸಿ, ಒಂದು ದಿನ ಮುಟ್ಟಬೇಡಿ. ಕೆಳಗೆ ಹಳೇ ಜೀನ್ಸ್ ಬಟ್ಟೆ ಅಂಟಿಸಿದರೆ ಶೋಕೇಸಿನ ಗಾಜು ಗೀಚೋದಿಲ್ಲ.