ಅಪ್‌ಡೇಟ್: ಅಜ್ಜಿ ಫೋಟೋದ ವಿನ್ಯೆಟ್ ಸರಿಯಾಯಿತು

ಹೋದ ವಾರ ಕೇಳಿದ್ದೆ: ಗದಗದ ತ್ರಿಕೂಟೇಶ್ವರ ಗುಡಿಯಲ್ಲಿ ತೆಗೆದ ಅಜ್ಜಿಯ ಫೋಟೋಗೆ ಲೈಟ್‌ರೂಮ್‌ನಲ್ಲಿ (ಫೋಟೋ ತಿದ್ದುವ ಸಾಫ್ಟ್‌ವೇರ್) ವಿನ್ಯೆಟ್, ಅಂದರೆ ಫೋಟೋದ ಅಂಚುಗಳನ್ನು ಕಪ್ಪಾಗಿಸುವ ಎಫೆಕ್ಟ್, ಹಾಕಿದರೆ ಎಡಗಡೆ ಮಾತ್ರ ಕಪ್ಪಾಗುತ್ತೆ, ಬಲಗಡೆ ಏನೂ ಆಗಲ್ಲ, ಯಾಕೆ ಅಂತ.

ನೀವು ಹೇಳಿದ್ದೇ ನಿಜ. ನಾನು ಲೆನ್ಸ್ ಕರೆಕ್ಷನ್ಸ್‌ನ ವಿನ್ಯೆಟಿಂಗ್ ಸ್ಲೈಡರ್ ಎಳೆಯುತ್ತಿದ್ದೆ. ಅದು ಲೆನ್ಸಿನ ದೋಷ ತಿದ್ದುವುದಕ್ಕೆ ಇರುವುದು. ಕ್ರಾಪ್ ಮಾಡಿದರೂ ಅದು ಮೂಲ ಫ್ರೇಮಿನ ನಡುವನ್ನೇ ಹಿಡಿದುಕೊಂಡಿರುತ್ತೆ. ನಾನು ಬಲಗಡೆಯಿಂದ ಜಾಸ್ತಿ ಕತ್ತರಿಸಿದ್ದೆ, ಅಲ್ಲಿಯ ಕಪ್ಪು ಅಂಚೂ ಅದರ ಜೊತೆಗೇ ಹೋಗಿತ್ತು. ಎಫೆಕ್ಟ್ಸ್‌ನಲ್ಲಿರುವ ಪೋಸ್ಟ್-ಕ್ರಾಪ್ ವಿನ್ಯೆಟಿಂಗ್ ಬಳಸಿದ ಮೇಲೆ ನಾಲ್ಕೂ ಕಡೆ ಸಮನಾಯಿತು.

ಮೊದಲು ಅಮೌಂಟ್ (ಮೈನಸ್ ಹೆಚ್ಚಾದಷ್ಟೂ ಅಂಚು ಕಪ್ಪು) -40 ಇಟ್ಟಿದ್ದೆ. ಕಲ್ಲಿನ ಕಂಬಗಳು ಮಸಿ ಬಳಿದ ಹಾಗೆ ಕಂಡವು. ಈಗ -18, ಫೆದರ್ (ಕಪ್ಪಿನ ಅಂಚಿನ ಮೃದುತನ) 80. ಕಪ್ಪು ಎಲ್ಲಿ ಶುರುವಾಗುತ್ತೆ ಅಂತಲೇ ಗೊತ್ತಾಗಲ್ಲ, ಹಾಗಿದ್ದರೇ ಚೆಂದ ಅಲ್ವಾ?

ಇನ್ನೊಂದು ತೊಂದರೆ ಆಮೇಲೆ ಕಣ್ಣಿಗೆ ಬಿತ್ತು. ಅಜ್ಜಿಯ ಇಳಕಲ್ ಸೀರೆಯ ಕೆಂಪು ಸೆರಗು ಮೂಲೆಗೆ ಬಂದಿದೆ. ಅಲ್ಲಿ ಬಣ್ಣ ಸ್ವಲ್ಪ ಬೇರೆಯಾಗಿತ್ತು. ಅದೇ ವಿನ್ಯೆಟಿಂಗ್‌ನ ಸ್ಟೈಲ್ ಅನ್ನು ಹೈಲೈಟ್ ಪ್ರಯಾರಿಟಿಯಿಂದ (ಬೆಳಕಿನ ಭಾಗ ಉಳಿಸುವುದು) ಕಲರ್ ಪ್ರಯಾರಿಟಿಗೆ (ಬಣ್ಣ ಉಳಿಸುವುದು) ಬದಲಿಸಿದೆ, ಸೆರಗಿನ ಕೆಂಪು ವಾಪಸ್ ಬಂತು. ಆ ಸೀರೆ ಅಜ್ಜಿಗೆ ತುಂಬಾ ಇಷ್ಟ, ಅದರ ಬಣ್ಣ ಕೆಟ್ಟಿದ್ದರೆ ನನಗೆ ಸಮಾಧಾನವೇ ಇರುತ್ತಿರಲಿಲ್ಲ.

ರೇಡಿಯಲ್ ಮಾಸ್ಕ್ (ಬೇಕಾದ ಜಾಗದ ಸುತ್ತ ವೃತ್ತ ಎಳೆದು ಅದರ ಒಳಗೆ ಅಥವಾ ಹೊರಗೆ ಮಾತ್ರ ತಿದ್ದುವ ಸಾಧನ) ಹಾಕಿ ಅಂದವರಿಗೂ ಥ್ಯಾಂಕ್ಸ್. ಮುಖ ಫ್ರೇಮಿನ ಒಂದು ಬದಿಗಿರುವ ಇನ್ನೊಂದು ಫೋಟೋಗೆ ಅದನ್ನೇ ಬಳಸಿದೆ. ನಾಳೆ ಹುಬ್ಬಳ್ಳಿಗೆ ಹೋಗಿ ಎರಡನ್ನೂ ಪ್ರಿಂಟ್ ಹಾಕಿಸುತ್ತೇನೆ.