ಮಾಳಿಗೆಯಿಂದ ನೀಹಾರಿಕೆ: ಫಿಲ್ಟರ್ ಕೊಳ್ಳಲೇ, ಊರ ಹೊರಗೆ ಹೋಗಲೇ?

ಟಿಳಕವಾಡಿ ಮಾಳಿಗೆ (ಬೆಳಗಾವಿ):
ಎಲ್ಲರಿಗೂ ನಮಸ್ಕಾರ. ಆಕಾಶ ನೋಡುವುದನ್ನು ಈಗಷ್ಟೇ ಕಲಿಯುತ್ತಿರುವವಳು ನಾನು. 6 ಇಂಚಿನ ಡಾಬ್ಸೋನಿಯನ್ (ಸರಳ ಪೀಠದ, ಕನ್ನಡಿಯ ದೂರದರ್ಶಕ) ಇದೆ, ನಾಭಿದೂರ 1200 ಮಿ.ಮೀ. ಜೊತೆಗೆ 25 ಮತ್ತು 10 ಮಿ.ಮೀ. ಐಪೀಸುಗಳು. ಶನಿಯ ಬಳೆ ಕಂಡಾಗ ಮನೆಯವರೆಲ್ಲ ಸರದಿ ನಿಂತರು. ನೀಹಾರಿಕೆಗಳದ್ದೇ, ಅಂದರೆ ಆಕಾಶದ ಅನಿಲ-ಧೂಳಿನ ಮೋಡಗಳದ್ದೇ, ಬೇಸರ. ಮೆಸಿಯೆ ಎಂಬ ಖಗೋಳಜ್ಞ ಮಾಡಿದ, ಎಂ1, ಎಂ2 ಎಂದು ಎಣಿಸುವ ಪಟ್ಟಿ ಹಿಡಿದು ಹುಡುಕುತ್ತಿದ್ದೇನೆ: ಮಹಾವ್ಯಾಧದ ಎಂ42 ಬೂದಿ ಬಣ್ಣದ ಮಬ್ಬು, ಎಂ8 ಇರಬೇಕಾದಲ್ಲಿ ಬರೀ ನಕ್ಷತ್ರಗಳು, ಎಂ1ರ ಸುಳಿವೇ ಇಲ್ಲ. ಅಂಗಡಿಯವರು ಯುಎಚ್‌ಸಿ ಫಿಲ್ಟರ್ (ನೀಹಾರಿಕೆಯ ಬೆಳಕನ್ನು ಬಿಟ್ಟು ಉಳಿದದ್ದನ್ನು ತಡೆಯುವ ಗಾಜು) ಹಾಕಿದರೆ ಸರಿಹೋಗುತ್ತದೆ ಎನ್ನುತ್ತಾರೆ. ಬೆಲೆ ಕೇಳಿ ಸುಮ್ಮನಾದೆ. ಕೊಳ್ಳಬಹುದೇ? ಚಿತ್ರಗಳಲ್ಲಿರುವ ಕೆಂಪು ಕಾಣಲು ಎಷ್ಟು ದೊಡ್ಡ ಕನ್ನಡಿ ಬೇಕು?

ಗೋಕಾಕ ರಾತ್ರಿಪಾಳಿ:
ಕೊಳ್ಳಿ. ಹಂಸ ನೀಹಾರಿಕೆ ಎಂ17ಕ್ಕೆ ಹಾಕಿ ನೋಡಿದಾಗ ಹಂಸದ ಕುತ್ತಿಗೆ ಬೇರೆಯಾಗಿ ಎದ್ದು ಕಂಡಿತು. 25 ಮಿ.ಮೀ.ಗೇ ಹಾಕಿ. 10ಕ್ಕೆ ಹಾಕಿದರೆ ಎಲ್ಲ ಕತ್ತಲೆ.

ಇಂಡಿ ಮಾಸ್ತರ:
ತಂಗೀ, ಬಣ್ಣದ ಆಸೆ ಮೊದಲು ಬಿಡಿ. ಕತ್ತಲೆಯಲ್ಲಿ ದುಡಿಯುವುದು ಕಣ್ಣಿನ ದಂಡಕೋಶಗಳು, ಅವಕ್ಕೆ ಕೆಂಪು ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಚಿತ್ರದ ಕೆಂಪು ಜಲಜನಕದ 656 ನ್ಯಾನೊಮೀಟರಿನ ಬೆಳಕು. ಕ್ಯಾಮೆರಾ ಅದನ್ನು ನಿಮಿಷಗಟ್ಟಲೆ ಕೂಡಿಡುತ್ತದೆ, ಕಣ್ಣಿಗೆ ಆ ಉಳಿತಾಯ ಗೊತ್ತಿಲ್ಲ. ನಿಮ್ಮ 6 ಇಂಚಿಗೆ ಸಿಗುವುದು ಬೂದಿಯೇ. ಕತ್ತಲೆ ಚೆನ್ನಾಗಿದ್ದರೆ ಎಂ42ರ ನಡುವಿನ ನಾಲ್ಕು ನಕ್ಷತ್ರಗಳ ಸುತ್ತ ನಸು ಹಸಿರು ಕಂಡೀತು. ಅದು ಆಮ್ಲಜನಕದ್ದು, 501 ನ್ಯಾನೊಮೀಟರಿನದು. ಯುಎಚ್‌ಸಿ ಒಳಗೆ ಬಿಡುವುದು ಮುಖ್ಯವಾಗಿ ಇದನ್ನು ಮತ್ತು 486ರ ಜಲಜನಕವನ್ನು. ಬೀದಿಯಲ್ಲಿ ಹಳದಿ ಸೋಡಿಯಂ ದೀಪಗಳಿದ್ದ ಕಾಲಕ್ಕೆ ಅದು ಬಹಳ ಉಪಕಾರಿ. ಈಗಿನ ಬಿಳಿ ಎಲ್‌ಇಡಿಯಲ್ಲಿ ಎಲ್ಲ ಬಣ್ಣವೂ ಬೆರೆತಿದೆ, ಫಿಲ್ಟರ್ ಅಷ್ಟನ್ನೂ ತಡೆಯಲಾರದು. ಗೋಕಾಕದವರ ಮಾತು ಸುಳ್ಳಲ್ಲ, ಆದರೆ ಆ ದುಡ್ಡು ಮೊದಲು ಪೆಟ್ರೋಲಿಗೆ ಹೋಗಲಿ.

ಇನ್ನು ನಿಮ್ಮ ಪಟ್ಟಿ. ಮೆಸಿಯೆ ನೋಡಿದ್ದು ಪ್ಯಾರಿಸ್ಸಿನಿಂದ. ಅಲ್ಲಿ ಹುಟ್ಟದ್ದು ಅವನ ಪಟ್ಟಿಯಲ್ಲಿಲ್ಲ. ಹಾಗೆ ತಪ್ಪಿಹೋದದ್ದು ಕ್ಯಾರಿನಾ ನೀಹಾರಿಕೆ, ಎನ್‌ಜಿಸಿ ಎಂಬ ಇನ್ನೊಂದು ಪಟ್ಟಿಯಲ್ಲಿ 3372. ಎಂ42ಕ್ಕಿಂತ ಹಿರಿದು, ಅದಕ್ಕಿಂತ ಪ್ರಕಾಶಮಾನ. ದೂರ ಸುಮಾರು 7,500 ಜ್ಯೋತಿರ್ವರ್ಷ, ಎಂ42 ಇರುವುದು 1,350ರಲ್ಲಿ. ಎಷ್ಟು ದೂರದಿಂದ ಇಷ್ಟು ಬೆಳಕು, ಲೆಕ್ಕ ಹಾಕಿ! ಅದರೊಳಗಿನ ಈಟಾ ಕ್ಯಾರಿನೇ 1843ರಲ್ಲಿ ಉಕ್ಕಿ, ಲುಬ್ಧಕವೊಂದನ್ನು ಬಿಟ್ಟರೆ ಆಕಾಶದಲ್ಲೇ ಪ್ರಖರ ನಕ್ಷತ್ರವಾಗಿತ್ತು. ಲಕಾಯಿ ಎಂಬ ಫ್ರೆಂಚ್ ಖಗೋಳಜ್ಞ ಈ ನೀಹಾರಿಕೆಯನ್ನು ಗುರುತಿಸಬೇಕಾದರೆ ಆಫ್ರಿಕದ ತುದಿಗೆ ಹೋಗಬೇಕಾಯಿತು. ನಮಗೆ ಇಂಡಿಯ ಬಯಲೇ ಸಾಕು.

ಎಂ8, ಎಂ17ರ ಧನು ರಾಶಿ ಸಂಜೆ ಮೇಲೇರುವುದು ಮಳೆಗಾಲದಲ್ಲಿ. ಅವುಗಳನ್ನು ಏಪ್ರಿಲ್, ಮೇ ತಿಂಗಳ ನಸುಕಿನಲ್ಲಿ ನೋಡಿ. (ಮಳೆ ಇಲ್ಲವೆಂದು ನಮ್ಮ ಕಡೆ ರೈತರು ಮರುಗುವಾಗ ನಾನು ಜುಲೈ ತಿಂಗಳ ಮೋಡದ ಬಿರುಕು ಕಾಯುತ್ತಿರುತ್ತೇನೆ. ಯಾರಿಗೂ ಹೇಳುವುದಿಲ್ಲ.)

ಟಿಳಕವಾಡಿ ಮಾಳಿಗೆ:
ಮಾಸ್ತರರೇ, ಕ್ಯಾರಿನಾ ಬೆಳಗಾವಿಯಿಂದ ಕಂಡೀತೇ? ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಸಿಂದಗಿ ಕಡೆ ತವರಿಗೆ ಹೋಗುತ್ತೇವೆ. ದೂರದರ್ಶಕ ಒಯ್ಯಲೇ?

ಇಂಡಿ ಮಾಸ್ತರ:
ಕಾಣುತ್ತದೆ. ಬೆಳಗಾವಿಯಲ್ಲಿ ದಕ್ಷಿಣ ದಿಗಂತದಿಂದ 14 ಡಿಗ್ರಿಯವರೆಗೆ ಏರುತ್ತದೆ. ಏಪ್ರಿಲ್ ಎರಡನೆಯ ವಾರ ರಾತ್ರಿ ಹತ್ತರ ಹೊತ್ತಿಗೆ ತ್ರಿಶಂಕು ನಕ್ಷತ್ರಪುಂಜದ ಬಲಕ್ಕೆ, ಅಗಸ್ತ್ಯ ನಕ್ಷತ್ರದ ಕಡೆ ಸ್ವಲ್ಪ ಸರಿದು ಹುಡುಕಿ. ಊರಿನ ದಕ್ಷಿಣಕ್ಕೇ ಹೋಗಬೇಕು, ಉತ್ತರಕ್ಕೆ ಹೋದರೆ ಬೆಳಗಾವಿಯ ಬೆಳಕೇ ಅಡ್ಡ. ಖಾನಾಪುರದ ಕಡೆ ಕತ್ತಲೆ ಇದೆ, ಆದರೆ ಮರಗಳು ದಿಗಂತ ಮುಚ್ಚುತ್ತವೆ.

ಸಿಂದಗಿಗೆ ಅಗತ್ಯವಾಗಿ ಒಯ್ಯಿರಿ. ಅಮಾವಾಸ್ಯೆಯಾದ್ದರಿಂದ ಚಂದ್ರನ ಕಾಟವಿಲ್ಲ. ರಾತ್ರಿ ಹನ್ನೊಂದರ ನಂತರ ಎಂ42, ನಾಲ್ಕು-ಐದರ ನಡುವೆ ಕ್ಯಾರಿನಾ. ಮೊಬೈಲ್ ಜೇಬಿನಲ್ಲಿಟ್ಟು ಅರ್ಧ ಗಂಟೆ ಕಣ್ಣು ಪಳಗಿಸಿ, ಆಮೇಲೆ ನೀಹಾರಿಕೆಯನ್ನು ನೇರ ದಿಟ್ಟಿಸದೆ ಅದರ ಪಕ್ಕಕ್ಕೆ ನೋಡಿ. ಜೋಳ ಆಗ ಆಳೆತ್ತರ ಇರುತ್ತದೆ, ಕಡಲೆ ಹೊಲದಲ್ಲಿ ನಿಲ್ಲಿಸಿ. ಎರೆಮಣ್ಣು ಬಿರುಕು ಬಿಟ್ಟಿರುತ್ತದೆ, ತಳಕ್ಕೊಂದು ಹಲಗೆ ಬೇಕು.