ಪದಚರ್ಚೆ: ಪ್ಲಾನೂ ಯೋಜನೆ, ಪ್ರಾಜೆಕ್ಟೂ ಯೋಜನೆ. ಬಿಡಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ.

ಕಟ್ಟಡ ಕೆಲಸದ ಸೂಪರ್‌ವೈಸರ್‌ಗಳಿಗಾಗಿ ಒಂದು ತರಬೇತಿ ಕೈಪಿಡಿ ಬರೆಯುತ್ತಿದ್ದೇನೆ. ಪ್ರಾಜೆಕ್ಟ್ ಒಂದು ಹುಟ್ಟಿದಾಗಿನಿಂದ ಮುಗಿಯುವವರೆಗೆ ಏನೇನು ನಡೆಯುತ್ತದೆ, ಯಾವಾಗ ಯಾವುದನ್ನು ಪ್ಲಾನ್ ಮಾಡಬೇಕು ಅನ್ನೋದು ವಿಷಯ. ಕೆಲವು ಪದಗಳ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು. "ಯೋಜನೆಯ ಯೋಜನಾ ಹಂತದಲ್ಲಿ" ಅಂತ ಶುರುವಾಗುವ ವಾಕ್ಯವನ್ನು ಸೈಟಿನಲ್ಲಿ ದುಡಿಯುವವರ ಕೈಗೆ ಕೊಡಲು ಆಗುವುದಿಲ್ಲ, ಅಲ್ವಾ?

ಪಂಚವಾರ್ಷಿಕ ಯೋಜನೆ ಅಂದಾಗ ಯೋಜನೆ ಅಂದರೆ ಪ್ಲಾನ್. ಕೃಷ್ಣಾ ಮೇಲ್ದಂಡೆ ಯೋಜನೆ ಅಂದಾಗ ಪ್ರಾಜೆಕ್ಟ್. ಅನ್ನಭಾಗ್ಯ ಯೋಜನೆ ಅಂದಾಗ ಸ್ಕೀಮ್. ಪ್ಲಾನ್ ಇರುವುದು ಕಾಗದದ ಮೇಲೆ. ಪ್ರಾಜೆಕ್ಟಿಗೆ ಶುರು ಇದೆ, ಕೊನೆ ಇದೆ, ಕೊನೆಗೆ ಒಂದು ಅಣೆಕಟ್ಟೋ ಸೇತುವೆಯೋ ಕಣ್ಣಿಗೆ ಕಾಣುತ್ತದೆ. ಸ್ಕೀಮಿಗೆ ಆ ಥರದ ಕೊನೆ ಇಲ್ಲ, ಸರ್ಕಾರ ದುಡ್ಡು ಕೊಡುವ ತನಕ ನಡೆಯುತ್ತಿರುತ್ತದೆ. ಪಂಚಾಯಿತಿ ಕಚೇರಿಗಳಲ್ಲಿ "ನರೇಗಾ ಯೋಜನೆಯ ಕ್ರಿಯಾ ಯೋಜನೆ" ಅಂದಾಗ ಯಾರಿಗೂ ಗೊಂದಲ ಆಗುವುದಿಲ್ಲ, ಯಾಕೆಂದರೆ "ಕ್ರಿಯಾ" ಜೊತೆಗಿದೆ. (ಹನುಮಂತ ನೂರು ಯೋಜನ ಹಾರಿದ ಆ "ಯೋಜನ"ವನ್ನು ಸದ್ಯಕ್ಕೆ ಬಿಟ್ಟುಬಿಡೋಣ.)

ಪ್ರಾಜೆಕ್ಟಿಗೆ "ಕಾಮಗಾರಿ" ಆಗಬಹುದೇ? ರಸ್ತೆ, ಚರಂಡಿ, ಕಟ್ಟಡಕ್ಕೆ ಚೆನ್ನಾಗಿಯೇ ಒಪ್ಪುತ್ತದೆ. ಆದರೆ ಕಾಮಗಾರಿ ಅಂದರೆ ಕೆಲಸ ನಡೆಯುವ ಭಾಗ ಮಾತ್ರ. ಸರ್ವೆ, ಭೂಸ್ವಾಧೀನ, ಸಾಲ, ಡಿಪಿಆರ್ (ಪ್ರಾಜೆಕ್ಟಿನ ಪೂರ್ತಿ ವಿವರದ ವರದಿ) ಯಾವುದೂ ಅದರೊಳಗೆ ಬರುವುದಿಲ್ಲ. "ಕಾಮಗಾರಿ ಇನ್ನೂ ಶುರುವಾಗಿಲ್ಲ" ಅಂತ ಜನ ಬೈಯುವ ಹೊತ್ತಿಗೆ ಪ್ರಾಜೆಕ್ಟ್ ಶುರುವಾಗಿ ಎಷ್ಟೋ ವರ್ಷ ಆಗಿರುತ್ತದೆ. ಸಾಫ್ಟ್‌ವೇರಿನವರಿಗಂತೂ ಈ ಪದ ಆಗಿಬರುವುದಿಲ್ಲ. ಹೊಸ ಪದ ಕಟ್ಟುವವರು ಬಳಸುವ "ಹಮ್ಮುಗೆ" ನನಗೆ ಇಷ್ಟ. "ಕಾರ್ಯಕ್ರಮ ಹಮ್ಮಿಕೊಂಡಿದ್ದೇವೆ" ಅಂತ ಎಲ್ಲರೂ ಹೇಳುವುದರಿಂದ ಅದರ ಬೇರು ಗಟ್ಟಿಯಾಗಿದೆ. ಆದರೆ ನನ್ನ ಓದುಗರು ಸೆಂಟ್ರಿಂಗ್ ಬಿಚ್ಚಿಸಿ ಬಂದು ಕೂತು ಓದುವವರು. ಅವರಿಗೆ ಮೊದಲು ಹಮ್ಮುಗೆ ಅಂದರೇನು ಅಂತ ಹೇಳಿ, ಆಮೇಲೆ ಪಾಠ ಶುರುಮಾಡಬೇಕಾಗುತ್ತದೆ. ಅದಕ್ಕೇ ಪ್ರಾಜೆಕ್ಟನ್ನು ಪ್ರಾಜೆಕ್ಟ್ ಅಂತಲೇ ಇಟ್ಟು, "ಯೋಜನೆ"ಯನ್ನು ಪ್ಲಾನಿಗೆ ಮಾತ್ರ ಮೀಸಲಿಡೋಣ ಅಂತಿದ್ದೇನೆ. ಒಪ್ಪದವರು ಬರೆಯಿರಿ.

ಇನ್ನೊಂದು "ಹಂತ". ನಮ್ಮ ಮೆಟ್ರೊ ತೆಗೆದುಕೊಳ್ಳಿ. ಅದರ ಮೊದಲ ಹಂತ ಅಂದರೆ 42.3 ಕಿಲೋಮೀಟರ್ ಮಾರ್ಗ. 2006ರ ಜೂನ್‌ನಲ್ಲಿ ಅಡಿಗಲ್ಲು, 2011ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೊದಲ ಓಡಾಟ, 2017ರ ಜೂನ್‌ನಲ್ಲಿ ಪೂರ್ತಿ. ಇಲ್ಲಿ ಹಂತ ಅಂದರೆ ದೊಡ್ಡ ಕೆಲಸದ ಒಂದು ತುಂಡು. ಆ ತುಂಡಿಗೇ ಅದರದೇ ವರದಿ, ಮಂಜೂರಾತಿ, ಟೆಂಡರ್, ಕಟ್ಟುವ ಕೆಲಸ, ಪ್ರಾಯೋಗಿಕ ಸಂಚಾರ ಎಲ್ಲ ಇವೆ. ಇವನ್ನೂ ಹಂತ ಅಂತಲೇ ಕರೆಯುತ್ತೇವೆ. "ಮೂರನೇ ಹಂತ ಈಗ ಟೆಂಡರ್ ಹಂತದಲ್ಲಿದೆ" ಅನ್ನಬೇಕಾಗುತ್ತದೆ. ಇಂಗ್ಲಿಷಿನ ಫೇಸ್‌ಗೂ ಇದೇ ಕಾಯಿಲೆ ಇರುವುದರಿಂದ ಅಲ್ಲಿಂದ ಸಹಾಯ ಸಿಗುವುದಿಲ್ಲ. ತುಂಡಿಗೆ "ಹಂತ", ಹುಟ್ಟಿನಿಂದ ಕೊನೆವರೆಗೆ ದಾಟುವ ಒಂದೊಂದಕ್ಕೆ "ಘಟ್ಟ" ಅಂತ ಬೇರೆ ಮಾಡಿದರೆ ಹೇಗೆ? "ಕೆಲಸ ನಿರ್ಣಾಯಕ ಘಟ್ಟಕ್ಕೆ ಬಂದಿದೆ" ಅಂತ ಈಗಲೂ ಹೇಳುತ್ತೇವಲ್ಲ.

ಪತ್ರಿಕೆಯವರ "ಚಾಲನೆ" ಇದಕ್ಕಿಂತ ಜಾಸ್ತಿ ತಲೆ ತಿನ್ನುತ್ತದೆ. ಗುದ್ದಲಿ ಪೂಜೆ ಆದ ದಿನವೂ "ಯೋಜನೆಗೆ ಚಾಲನೆ", ನೀರು ಹರಿಸಿದ ದಿನವೂ "ಯೋಜನೆಗೆ ಚಾಲನೆ". ನಡುವೆ ಹತ್ತು ವರ್ಷ ಕಳೆದಿದ್ದರೂ ಶೀರ್ಷಿಕೆ ಅದೇ. ಕೈಪಿಡಿಯಲ್ಲಿ ಈ ಪದವನ್ನು ಬಳಸುವುದೇ ಇಲ್ಲ ಅಂತ ತೀರ್ಮಾನಿಸಿದ್ದೇನೆ.

ಲೈಫ್ ಸೈಕಲ್‌ಗೆ "ಜೀವನಚಕ್ರ" ಅನ್ನುವುದು ಶಾಲೆಯ ವಿಜ್ಞಾನ ಪುಸ್ತಕದಿಂದ ಬಂದ ರೂಢಿ. ಚಿಟ್ಟೆಗೆ ಸರಿ: ಮೊಟ್ಟೆ, ಕಂಬಳಿಹುಳ, ಪೊರೆಹುಳು, ಚಿಟ್ಟೆ, ಮತ್ತೆ ಮೊಟ್ಟೆ. ಪ್ರಾಜೆಕ್ಟ್ ಹಾಗೆ ತಿರುಗಿ ಬರುವುದಿಲ್ಲ, ಒಂದು ಸಲ ಮುಗಿದರೆ ಮುಗಿಯಿತು. ಮಾರುಕಟ್ಟೆಗೆ ಬಂದ ವಸ್ತುವಿನ ಕಥೆಯೂ ಅಷ್ಟೇ: ಪರಿಚಯ, ಬೆಳವಣಿಗೆ, ಸ್ಥಿರತೆ, ಇಳಿಕೆ. ಪೇಜರ್ ಮತ್ತೆ ಹುಟ್ಟಿ ಬರಲಿಲ್ಲವಲ್ಲ. "ಆಯುಷ್ಯ" ಅಂದರೆ ಸಾಕೇ, ಇಲ್ಲಾ ಚಕ್ರ ಬೇಕೇ ಬೇಕೇ?

ಘಟ್ಟಗಳಿಗೆ ಹೆಸರಿಡುವ ವಿಷಯದಲ್ಲಿ ನಮ್ಮ ಜನ ಪುಸ್ತಕದವರಿಗಿಂತ ಮುಂದಿದ್ದಾರೆ. ಪುಸ್ತಕದಲ್ಲಿ ಪ್ರಾರಂಭಿಸುವಿಕೆ, ಯೋಜಿಸುವಿಕೆ, ಕಾರ್ಯಗತಗೊಳಿಸುವಿಕೆ ಅಂತ ಬರೀ "ವಿಕೆ"ಗಳ ಸಾಲು. ಸರ್ಕಾರದ ವಸತಿ ಸ್ಕೀಮಿನಲ್ಲಿ ಮನೆ ಕಟ್ಟುವವರ ಮಾತು ಕೇಳಿ. ತಳಪಾಯ, ಲಿಂಟಲ್ (ಬಾಗಿಲು, ಕಿಟಕಿಗಳ ಮೇಲಿನ ಅಡ್ಡತೊಲೆ), ಛಾವಣಿ, ಪೂರ್ಣ ಅಂತ ಅಲ್ಲಿ ಕಂತು ಬಿಡುಗಡೆಯಾಗುತ್ತದೆ. ಒಂದೊಂದಕ್ಕೂ ಜಿಪಿಎಸ್ ಫೋಟೊ ಏರಿಸಬೇಕು. "ಮನೆ ಎಲ್ಲಿಗೆ ಬಂತು?" ಅಂದರೆ "ಲಿಂಟಲ್‌ನಲ್ಲಿದೆ, ಬಿಲ್ ಆಗಿಲ್ಲ" ಅನ್ನುತ್ತಾರೆ. ಕಟ್ಟಡ ಎಷ್ಟು ಎದ್ದಿದೆ, ದುಡ್ಡು ಎಷ್ಟು ಬಂದಿದೆ, ಎರಡೂ ಅಷ್ಟರಲ್ಲೇ ಗೊತ್ತಾಯಿತು. ದೊಡ್ಡ ಕೆಲಸಗಳಿಗೂ ಕಚೇರಿಯ ಪದಗಳು ತಯಾರಾಗಿಯೇ ಇವೆ: ಅಂದಾಜುಪಟ್ಟಿ, ಆಡಳಿತಾತ್ಮಕ ಅನುಮೋದನೆ, ತಾಂತ್ರಿಕ ಮಂಜೂರಾತಿ, ಟೆಂಡರ್, ಕಾರ್ಯಾದೇಶ. ಇವನ್ನೇ ಘಟ್ಟದ ಹೆಸರಾಗಿ ಇಟ್ಟುಕೊಳ್ಳುವುದು ಮೇಲು.

ಕ್ರಿಟಿಕಲ್ ಪಾತ್‌ಗೂ, ಅಂದರೆ ಯಾವುದೊಂದು ತಡವಾದರೂ ಇಡೀ ಪ್ರಾಜೆಕ್ಟ್ ತಡವಾಗುವಂಥ ಕೆಲಸಗಳ ಸಾಲಿಗೂ, ಒಂದು ಪದ ಬೇಕು. "ನಿರ್ಣಾಯಕ ಪಥ" ಅಂದರೆ ಯಾವುದೋ ಹೆದ್ದಾರಿಯ ಹೆಸರಿನ ಹಾಗಿದೆ. ತಾರಸಿಗೆ ಕಾಂಕ್ರೀಟ್ ಸುರಿಯುವ ಮೊದಲು ಕಂಬಿ ಕಟ್ಟಿರಬೇಕು, ಎಲೆಕ್ಟ್ರಿಷಿಯನ್ ಪೈಪ್ ಎಳೆದಿರಬೇಕು. ಆತ ಎರಡು ದಿನ ಬರದಿದ್ದರೆ ಕಾಂಕ್ರೀಟೂ ಎರಡು ದಿನ ಮುಂದಕ್ಕೆ, ಗೃಹಪ್ರವೇಶವೂ ಮುಂದಕ್ಕೆ. ಅದೇ ವಾರ ಬಣ್ಣ ತರದಿದ್ದರೆ ಏನೂ ಆಗುವುದಿಲ್ಲ. ಮೊದಲನೆಯದು ಬಿಗಿ ಕೆಲಸ, ಎರಡನೆಯದು ಸಡಿಲ ಕೆಲಸ. ಬಿಗಿ ಕೆಲಸಗಳ ಸಾಲಿಗೆ "ಬಿಗಿಸಾಲು" ಅನ್ನಬಹುದೇ?

ಕೊನೆಯದು ಕ್ಲೋಸಿಂಗ್, ಅಂದರೆ ಪ್ರಾಜೆಕ್ಟನ್ನು ಬಾಕಿ ಇಲ್ಲದ ಹಾಗೆ ಮುಗಿಸುವ ಘಟ್ಟ. "ಉದ್ಘಾಟನೆ", "ಲೋಕಾರ್ಪಣೆ" ಎರಡೂ ಆಗುವುದಿಲ್ಲ. ಆಲಮಟ್ಟಿಯಲ್ಲಿ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದರು, 2006ರಲ್ಲಿ ಅಬ್ದುಲ್ ಕಲಾಂ ಅವರು ಜಲಾಶಯವನ್ನು ಲೋಕಾರ್ಪಣೆ ಮಾಡಿದರು. ಅಣೆಕಟ್ಟಿನ ಎತ್ತರ, ಮುಳುಗಡೆ ಊರುಗಳ ಪುನರ್ವಸತಿಯ ಮಾತು ಆಮೇಲೂ ಮುಗಿಯಲಿಲ್ಲ. ಸಣ್ಣ ಕಟ್ಟಡದಲ್ಲೂ ಟೇಪು ಕತ್ತರಿಸಿದ ಮೇಲೆ ಕೊನೆ ಬಿಲ್ಲು, ಠೇವಣಿ ವಾಪಸು, ಸೋರಿಕೆ ರಿಪೇರಿ ಅಂತ ಎಷ್ಟೋ ಇರುತ್ತದೆ. ಇದೆಲ್ಲ ಮುಗಿಯುವುದಕ್ಕೆ "ಸಮಾಪ್ತಿ" ಅಂದರೆ ಹರಿಕಥೆ ಮುಗಿದ ಹಾಗೆ ಕೇಳುತ್ತದೆ. "ಮುಕ್ತಾಯ" ಪರವಾಗಿಲ್ಲ. ನನ್ನ ಮನಸ್ಸು "ಚುಕ್ತಾ" ಕಡೆಗಿದೆ: ಕೊಡುವುದು, ತಗೊಳ್ಳುವುದು ಏನೂ ಬಾಕಿ ಉಳಿದಿಲ್ಲ ಅನ್ನೋದು ಅದರಲ್ಲೇ ಇದೆ. ಬೆಳಗಾವಿ, ಕಲಬುರಗಿ, ಮಂಗಳೂರು ಕಡೆಯ ಗುತ್ತಿಗೆದಾರರು, ಮೇಸ್ತ್ರಿಗಳು ಇದಕ್ಕೆ ಏನನ್ನುತ್ತಾರೆ? ಗೊತ್ತಿದ್ದವರು ಅವರು ಹೇಳುವ ಹಾಗೆಯೇ, ಪೂರ್ತಿ ವಾಕ್ಯದಲ್ಲಿ ಬರೆದು ಕಳಿಸಿ.